ಎರಡೂ ಕಡೆಯ ಕೊಂಡಿ

ನನ್ನ ವಿದ್ಯಾರ್ಥಿಗಳು ದಿನಾ ನನಗೆ ಕೊಂಡಿ ಕಳಿಸುತ್ತಾರೆ. "ಮೇಡಂ, ಕೆಳಗಿನ ಕೊಂಡಿ ಒತ್ತಿರಿ" ಎಂದು ಮೊಬೈಲಿನಲ್ಲಿ ಬರುತ್ತದೆ. ಒತ್ತಿದರೆ ಒಮ್ಮೆ ಯಾರದೋ ಭಾಷಣ, ಇನ್ನೊಮ್ಮೆ ಮೊಣಕಾಲು ನೋವಿನ ಎಣ್ಣೆ. ಲಿಂಕ್ ಎಂಬುದಕ್ಕೆ ಯಾರೋ ಪುಣ್ಯಾತ್ಮರು ಕೊಂಡಿ ಎಂದು ಕನ್ನಡ ಮಾಡಿಕೊಟ್ಟಿದ್ದಾರೆ. ವರ್ಷಗಟ್ಟಲೆ ಕಾಲೇಜಿನಲ್ಲಿ ಕನ್ನಡ ಕಲಿಸಿ ಸಂಬಳ ತಿಂದವಳು ನಾನು, ಹಿಗ್ಗಬೇಕು. ಹಿಗ್ಗುತ್ತೇನೆ ಕೂಡ. ಆದರೆ ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರರ ಮನೆಯಲ್ಲಿ. ಅಲ್ಲಿ ಕೊಂಡಿಯನ್ನು ಯಾರೂ ಒತ್ತುವುದಿಲ್ಲ, ಹಾಕುತ್ತಾರೆ. ಹಾಕಲು ಕೂತವರಿಗೆ ಸಂಜೆಯೊಳಗೆ ನಡ ಹಿಡಿಯುತ್ತದೆ.

ತಿಳಿಯದವರಿಗಾಗಿ ಹೇಳುತ್ತೇನೆ. ಇಳಕಲ್ ಸೀರೆಯ ಒಡಲಿಗೆ ಒಂದು ನೂಲು, ಸೆರಗಿಗೆ ಇನ್ನೊಂದು. ಒಡಲು ಹತ್ತಿಯದಿದ್ದರೂ ಸೆರಗು ಕೆಂಪು ರೇಷ್ಮೆಯದಾಗಿರುತ್ತದೆ. ಒಡಲು ನೇಯ್ದು ಮುಗಿಯುವ ಹೊತ್ತಿಗೆ ಮಗ್ಗ ನಿಲ್ಲಿಸಿ, ಒಡಲಿನ ಒಂದೊಂದು ಎಳೆಯ ಕುಣಿಕೆಯೊಳಗೆ ಸೆರಗಿನ ಒಂದೊಂದು ಎಳೆಯ ಕುಣಿಕೆ ತೂರಿಸಿ ಎರಡನ್ನೂ ಜೋಡಿಸಬೇಕು. ಅದು ಕೊಂಡಿ. ಕೈಮಗ್ಗದ ಸೀರೆಗೆ ಮಾತ್ರ ಅದು ಇರುತ್ತದೆ. ಪವರ್‌ಲೂಮಿನ ಸೀರೆಗೂ ಇದೆ ಎಂದು ಅಂಗಡಿಯವನು ಆಣೆ ಮಾಡುತ್ತಾನೆ. ಅವನ ಮಾತು ಬಿಡಿ.

ನಮ್ಮ ಮನೆಯಲ್ಲಿ ಕೊಂಡಿ ಹಾಕುತ್ತಿದ್ದವರು ಅವ್ವ ಮತ್ತು ಚಿಗವ್ವ. ಇಬ್ಬರೂ ಒಡಹುಟ್ಟಿದವರು. ಬೇವೂರಿನ ಒಂದೇ ಮನೆಯಿಂದ ಅಕ್ಕತಂಗಿಯರು ಇಳಕಲ್ಲಿನ ಅಣ್ಣತಮ್ಮಂದಿರಿಗೆ ಹೆಂಡಿರಾಗಿ ಬಂದಿದ್ದರು. ಹೀಗಾಗಿ ಚಿಗವ್ವ ನನಗೆ ಅಪ್ಪನ ಕಡೆಯಿಂದಲೂ ಚಿಗವ್ವ, ಅವ್ವನ ಕಡೆಯಿಂದಲೂ ಚಿಗವ್ವ. ಓಣಿಯ ಉಳಿದ ಮನೆಗಳಲ್ಲಿ ಒಬ್ಬರೇ ಕೂತು ಕೊಂಡಿ ಹಾಕಿದರೆ, ನಮ್ಮಲ್ಲಿ ಅವ್ವ ಬಲಗಡೆಯ ದಡಿಯಿಂದ, ಅಂದರೆ ಅಂಚಿನ ಪಟ್ಟಿಯಿಂದ, ಶುರು ಮಾಡುತ್ತಿದ್ದಳು, ಚಿಗವ್ವ ಎಡಗಡೆಯ ದಡಿಯಿಂದ. ಇಬ್ಬರೂ ನಡುವೆ ಬಂದು ಕೂಡುತ್ತಿದ್ದರು. ಬೇಗ ಆಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದರು. ಬೇಗ ಆಗಿದ್ದನ್ನು ನಾನಂತೂ ಕಾಣೆ. ಬೇವೂರಿನಲ್ಲಿ ಯಾರ ಎಮ್ಮೆ ಈಯಿತು, ಯಾರ ಸೊಸೆ ಮುನಿಸಿಕೊಂಡು ಹೋದಳು, ಎಲ್ಲವೂ ಆ ಎಳೆಗಳ ಮೇಲೆಯೇ ಮಾತಾಗಬೇಕಿತ್ತು.

ಒಂದು ಸಲ ಹೀಗೆ ಇಬ್ಬರೂ ಕೂಡಿ ಕೊಂಡಿ ಹಾಕಿದ ಸೀರೆಗೆ ಸೆರಗಿನ ಹತ್ತಿರ ಸುಕ್ಕು ಬಂತು. ನೂಲು ಕೊಟ್ಟು ಸೀರೆ ನೇಯಿಸುವ ಸಾಹುಕಾರ ಅದನ್ನು ಬಿಚ್ಚಿ ನೋಡಿ, ತುಟಿ ಕೊಂಕಿಸಿ ಮರಳಿ ಕಳಿಸಿದ.

"ನಿನ್ನ ಕಡಿ ಬಿಗಿ ಆಗೇತಿ" ಅಂದಳು ಅವ್ವ.

"ನಿನ್ನ ಕಡಿ ಸಡ್ಲ ಆಗೇತಿ" ಅಂದಳು ಚಿಗವ್ವ.

ಇಷ್ಟೇ ನೋಡಿ. ಮಾತಿಗೆ ಮಾತು ಹತ್ತಿ, ಸಣ್ಣವರಿದ್ದಾಗಿನ ಸಿಟ್ಟೆಲ್ಲ ಹೊರಬಿದ್ದು, ಸಂಜೆಗೆ ಮನೆಯಲ್ಲಿ ಎರಡು ಒಲೆ ಉರಿದವು. ಬೇಸಿಗೆ ಬರುವಷ್ಟರಲ್ಲಿ ಪಡಸಾಲೆಯ ನಡುವೆ ಗೋಡೆ ಎದ್ದಿತು. ಕೆಟ್ಟ ಹೊತ್ತಿಗೆ ಇರಲಿ ಎಂದು ಅಪ್ಪ ಮತ್ತು ಕಾಕಾ ಗೋಡೆಯಲ್ಲಿ ಒಂದು ಬಾಗಿಲು ಬಿಡಿಸಿದರು. ಅವ್ವ ಅದಕ್ಕೆ ಈ ಕಡೆಯಿಂದ ಕೊಂಡಿ ಹಾಕಿದಳು. ತಾನೇನು ಕಡಿಮೆ ಎಂದು ಚಿಗವ್ವ ಆ ಕಡೆಯಿಂದ ಕೊಂಡಿ ಹಾಕಿದಳು. ಜೋಡಿಸುವುದಕ್ಕೂ ಮುಚ್ಚುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಶಬ್ದ ಎಂಬುದನ್ನು ನಾನು ಕಲಿತದ್ದು ಹೀಗೆ. ನಿಘಂಟು ನೋಡಿದ್ದು ಆಮೇಲೆ.

ಅಪ್ಪ, ಕಾಕಾ ಇಬ್ಬರೂ ತೀರಿಹೋದರು. ಬಾಗಿಲು ತೆರೆಯಲಿಲ್ಲ. ಈ ಕಡೆ ನನ್ನ ಅಣ್ಣನ ಸಂಸಾರ, ಆ ಕಡೆ ಚಿಗವ್ವನ ಮಗನ ಸಂಸಾರ, ಮಕ್ಕಳು ಬೀದಿಯಿಂದ ಸುತ್ತು ಹಾಕಿ ಓಡಾಡುತ್ತಿದ್ದವು. ಮುದುಕಿಯರಿಬ್ಬರೂ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಹಾಗೆ ನೋಡಿದರೆ ಮಾತಿಲ್ಲದೆ ಎಲ್ಲವೂ ನಡೆಯುತ್ತದೆ, ಒಂದು ಬಿಟ್ಟು. ನಮ್ಮ ಕಡೆ ಹೆಣ್ಣುಮಗಳು ಸತ್ತರೆ ಅವಳಿಗೆ ಕಡೆಗೆ ಉಡಿಸುವ ಸೀರೆ ತವರುಮನೆಯಿಂದ ಬರಬೇಕು. ಬೇವೂರಿನ ಮನೆಯಲ್ಲಿ ಈಗ ಯಾರೂ ಉಳಿದಿಲ್ಲ. ಅವ್ವನಿಗೆ ತವರು ಎಂದರೆ ಚಿಗವ್ವ, ಚಿಗವ್ವನಿಗೆ ತವರು ಎಂದರೆ ಅವ್ವ, ನಡುವೆ ಈ ಬಾಗಿಲು.

"ನಾ ಸತ್ರ ನನ್ನ ಮೈಮ್ಯಾಲ ತವರಮನಿ ಸೀರಿ ಬೀಳೂದಿಲ್ಲಬೇ. ಮಂದಿ ಏನಂದಾರು?" ಎಂದು ಅವ್ವ ನಾನು ಊರಿಗೆ ಹೋದಾಗಲೆಲ್ಲ ಅನ್ನುತ್ತಿದ್ದಳು. ಸಾವಿನ ಹೆದರಿಕೆ ಅವಳಿಗೆ ಎಳ್ಳಷ್ಟೂ ಇರಲಿಲ್ಲ. ಹೆದರಿಕೆ ಇದ್ದದ್ದು ಸೀರೆಯದು.

ಈ ಚಿಂತೆಯನ್ನು ನಾನು ಊರೂರಿಗೆ ಹೊತ್ತುಕೊಂಡೇ ನೌಕರಿ ಮಾಡಿದೆ. ಮೊದಲು ಹುನಗುಂದ. ಅಲ್ಲಿ ಮನೆಯ ಮಾಲಕಿ ಮುಸಲ್ಮಾನರ ಹೆಂಗಸು, ನಾನು ಆಪಾ ಎಂದು ಕರೆಯುತ್ತಿದ್ದೆ. ಸಾಮಾನು ಇಳಿಸಿದ ದಿನವೇ ಓಣಿಗೆಲ್ಲ ಕೇಳುವಂತೆ ಕೂಗಿದರು: "ಬಾಯಾರ, ಒಳಗಿನ ಕುಂಡಿ ಛಲೋತ್ನಂಗ ಹಾಕ್ಕೊಳ್ರಿ, ಮಂಗ್ಯಾ ಭಾಳ ಅದಾವು!" ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರ ಮನೆಯ ಉರ್ದುವಿನಲ್ಲಿ ಕುಂಡಿ ಎಂದರೆ ಬಾಗಿಲಿನ ಚಿಲಕ. ಕನ್ನಡದಲ್ಲಿ ಏನೆಂದು ನಾನು ಬರೆಯುವ ಅಗತ್ಯವಿಲ್ಲ. ನೀವು ಅದರ ಮೇಲೆಯೇ ಕೂತು ಇದನ್ನು ಓದುತ್ತಿದ್ದೀರಿ. ಆಪಾ ತಲೆತಲಾಂತರದಿಂದ ಹುನಗುಂದದವರು, ನನಗಿಂತ ಚಂದ ಕನ್ನಡ ಆಡುತ್ತಿದ್ದರು. ಬೇಕಂತಲೇ ಕೂಗಿದರೋ ಏನೋ ಎಂಬ ಗುಮಾನಿ ನನಗೆ ಇವತ್ತಿಗೂ ಇದೆ.

ಅವರ ಮುಂದೆ ನಮ್ಮ ಮನೆಯ ಬಾಗಿಲಿನ ಕತೆ ಹೇಳಿದಾಗ ಬಿದ್ದು ಬಿದ್ದು ನಕ್ಕರು. "ಎರಡೂ ಕಡಿ ಹಾಕ್ಯಾರಾ? ಯಾ ಅಲ್ಲಾ! ಯಾವದಕ್ಕ ಮೊದಲ ತುಕ್ಕ ಹಿಡೀತೈತಿ ಅದನ್ನಷ್ಟ ನೋಡ್ಕೋತ ಇರ್ರಿ" ಅಂದರು. ನನಗೆ ಸಿಟ್ಟು ಬಂತು. ಅವರು ಚಾ ಕೊಟ್ಟರು, ಕುಡಿದೆ.

ಆಮೇಲೆ ಬಾದಾಮಿ. ಗುಡ್ಡದ ಬುಡದಲ್ಲಿ ಬಾಡಿಗೆ ಮನೆ, ಕೆಂಪು ಕಲ್ಲಿನ ಗೋಡೆ, ಪ್ರವಾಸಿಗರು ನೋಡಿದರೆ ಫೋಟೋ ಹೊಡೆದುಕೊಳ್ಳುವಂಥದ್ದು. ಆ ಕಲ್ಲುಗಳ ಸಂದಿಯಲ್ಲಿ ಚೇಳು ಇರುತ್ತವೆ ಎಂದು ಮಾತ್ರ ಯಾರೂ ಹೇಳಲಿಲ್ಲ. ಒಂದು ದಿನ ಕಟ್ಟಿಗೆ ತೆಗೆಯಲು ಹೋಗಿ ಕಡಿಸಿಕೊಂಡೆ. ದವಾಖಾನೆಯ ನರ್ಸ್ ರಾಯಚೂರು ಕಡೆಯ ತೆಲುಗಿನವಳು. ಅವಳ ಭಾಷೆಯಲ್ಲೂ ಚೇಳಿನ ಬಾಲದ ಮುಳ್ಳಿಗೆ ಕೊಂಡಿ ಎಂದೇ ಹೆಸರು. ಎರಡು ಭಾಷೆಗಳಿಗೆ ಒಪ್ಪಿಗೆಯಾದ ಅರ್ಥ ಇದೊಂದೇ, ಅದೂ ವಿಷದ್ದು. ಹಳಗನ್ನಡದಲ್ಲಿ ಕೊಂಡೆಯ ಎಂದರೆ ಚಾಡಿ ಎಂಬುದೂ ಅಲ್ಲಿ ಮಲಗಿದ್ದಾಗ ನೆನಪಾಯಿತು. ಕೈ ಉರಿಯುವಾಗ ಇಂಥದ್ದೆಲ್ಲ ನೆನಪಾಗುವುದು ಕನ್ನಡ ಮೇಷ್ಟ್ರುಗಳಿಗೆ ಮಾತ್ರ ಇರಬೇಕು.

ಸುದ್ದಿ ಕೇಳಿ ಅವ್ವ ಮತ್ತು ಚಿಗವ್ವ ಇಬ್ಬರೂ ಇಳಕಲ್ಲಿನಿಂದ ಬಂದರು. ಒಂದೇ ಬಸ್ಸಿನಲ್ಲಿ ಬಂದರು. ಒಬ್ಬಳು ಮುಂದಿನ ಸೀಟು, ಒಬ್ಬಳು ಹಿಂದಿನ ಸೀಟು. ನನ್ನ ಹಾಸಿಗೆಯ ಬಲಕ್ಕೆ ಅವ್ವ ಕೂತಳು, ಎಡಕ್ಕೆ ಚಿಗವ್ವ. ಒಬ್ಬಳು ಒಂದು ಕೈ ಒತ್ತಿದರೆ ಇನ್ನೊಬ್ಬಳು ಇನ್ನೊಂದು ಕೈ ಒತ್ತಿದಳು. ಇಡೀ ಮಧ್ಯಾಹ್ನ ಇಬ್ಬರೂ ನನ್ನ ಜೊತೆಗಷ್ಟೇ ಮಾತಾಡಿದರು. ನಾನು ನಡುವೆ ಮಲಗಿ ಇಬ್ಬರಿಗೂ ಹೂಂ ಅನ್ನುತ್ತಿದ್ದೆ. ಚೇಳಿನದೇ ವಾಸಿ ಅನ್ನಿಸಿತು.

ಕಡೆಗೆ ಬಾಗಲಕೋಟೆಗೆ ವರ್ಗವಾಗಿ ಗಂಡನ ಮನೆಗೆ, ಅತ್ತೆಯ ಜೊತೆ ಇರಲು ಬಂದೆ. ಅತ್ತೆ ಸೋಲಾಪುರದವರು. ವ್ಯವಹಾರವೆಲ್ಲ ಕನ್ನಡದಲ್ಲಿ, ಸಿಟ್ಟು ಮತ್ತು ಪ್ರೀತಿ ಮರಾಠಿಯಲ್ಲಿ. ನವನಗರದ ಮನೆಯಲ್ಲಿ ಸಂಜೆಯಾದರೆ ನನಗೆ ಎರಡು ಫೋನು. ಮೊದಲು ಅವ್ವ: "ಅಕಿ ಕೆಮ್ಮಾಕತ್ತಾಳ, ಗ್ವಾಡಿ ಆಚಿಂದ ಕೇಳತೈತಿ. ದವಾಖಾನಿಗೆ ಹೋಗು ಅಂತ ಹೇಳು. ನಾ ಅಂದೆ ಅನಬ್ಯಾಡ." ಆಮೇಲೆ ಚಿಗವ್ವ: "ಅಕಿ ಇವತ್ತ ಮಗ್ಗಕ್ಕ ಕುಂತಿಲ್ಲ. ಏನಾಗೇತಿ ಕೇಳು. ನಾ ಕೇಳಿದೆ ಅನಬ್ಯಾಡ." ಇಪ್ಪತ್ತು ಹೆಜ್ಜೆ ದೂರದ ಮಾತು ಬಾಗಲಕೋಟೆಗೆ ಬಂದು ವಾಪಸು ಹೋಗುತ್ತಿತ್ತು. ನನ್ನ ಮುಖ ನೋಡಿ ಅತ್ತೆ ಅನ್ನುತ್ತಿದ್ದರು: "ತುಝೀ ಚಾಂಗ್ಲೀ ಕೋಂಡೀ ಝಾಲೀ ಗ!" ಮರಾಠಿಯಲ್ಲಿ ಕೋಂಡಿ ಎಂದರೆ ಸಿಕ್ಕಿಬೀಳುವುದು, ಅತ್ತ ಹೋಗಲಾಗದೆ ಇತ್ತ ಬರಲಾಗದೆ ನಿಲ್ಲುವುದು. ಪುಣೆಯಲ್ಲಿ ಗಾಡಿಗಳು ರಸ್ತೆಯಲ್ಲಿ ಸಿಕ್ಕಿಕೊಂಡರೂ ಅದೇ ಶಬ್ದ. ಅದರ ಬೇರು ಬೇರೆ, ನಮ್ಮ ಕೊಂಡಿಯ ಬೇರು ಬೇರೆ, ಆಪಾ ಅವರ ಕುಂಡಿಯದು ಇನ್ನೂ ಬೇರೆ ಎಂದು ಪಂಡಿತರು ಹೇಳುತ್ತಾರೆ. ಇರಬಹುದು. ನಮ್ಮ ಮನೆಗೆ ಬಂದಾಗ ಮಾತ್ರ ಎಲ್ಲವೂ ಒಂದೇ ಬಾಗಿಲಿನ ಮುಂದೆ ನಿಂತವು.

ಹೋದ ವರ್ಷ ಅವ್ವ ಒಂದು ತೀರ್ಮಾನಕ್ಕೆ ಬಂದಳು. ತನಗೆ ಕಡೆಗೆ ಉಡಿಸುವ ಸೀರೆಯನ್ನು ತಾನೇ ನೇಯ್ದುಕೊಳ್ಳುವುದು.

"ಅಕಿ ಕೊಡೂದಿಲ್ಲ, ನಾ ಬೇಡೂದಿಲ್ಲ. ನನ್ನ ಕೈ ಏನ ಬಿದ್ದ ಹೋಗ್ಯಾವೇನು?" ಅಂದಳು.

ಸಾಯುವುದಕ್ಕೆ ಇಷ್ಟು ಉಮೇದಿನಿಂದ ತಯಾರಿ ಮಾಡಿದವರನ್ನು ನಾನು ಕಂಡಿಲ್ಲ. ಅಣ್ಣ ಎರಡು ಓಣಿ ಆಚೆ ಪವರ್‌ಲೂಮು ಹಾಕಿದ್ದ. ಮನೆಯಲ್ಲಿನ, ನೆಲದ ಗುಂಡಿಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ಕಿತ್ತು, ಕುಣಿ ಮುಚ್ಚಿ ಫರಸಿ ಕಲ್ಲು ಹಾಕಿಸಬೇಕೆಂದು ಕಾಯುತ್ತಿದ್ದ. ಅವ್ವ ಅವನನ್ನು ಬೈದು ಹೊರಗೆ ಅಟ್ಟಿ ಮಗ್ಗಕ್ಕೆ ಇಳಿದಳು. ಒಡಲಿಗೆ ಗಿಣಿ ಹಸಿರು ಆರಿಸಿದ್ದಳು.

"ಹೆಣಕ್ಕ ಇಷ್ಟ ಚಂದ ಬಣ್ಣ ಯಾಕಬೇ?" ಎಂದೆ.

"ಕಡೀ ಸಲ ಉಡೂದು. ನೋಡೂ ಮಂದಿ ಭಾಳ ಇರ್ತಾರ" ಅಂದಳು.

ನಿಧಾನವಾಗಿ, ಕೂತು ಎದ್ದು, ಬೈದುಕೊಂಡು, ಒಡಲು ಮುಗಿಸಿದಳು. ರಜೆಗೆಂದು ನಾನು ಇಳಕಲ್ಲಿಗೆ ಹೋದಾಗ ಕೊಂಡಿಯ ಹೊತ್ತು ಬಂದಿತ್ತು. ಅವ್ವ ಬಲಗಡೆಯ ದಡಿಯಿಂದ ಶುರು ಮಾಡಿದಳು. ಕಣ್ಣಿನ ಆಪರೇಷನ್ ಆಗಿದ್ದರೂ ಎಳೆ ಕಾಣಲಿಲ್ಲ. ಬೆರಳಿನಿಂದ ತಡವಿ ಒಂದು ಗೇಣಿನಷ್ಟು ಹಾಕಿದಳು. ಆಮೇಲೆ ಬೆರಳಿಗೆ ಎಳೆ ನಿಲ್ಲದೆ, ಹಾಕಿದ್ದೂ ಜಾರತೊಡಗಿತು. ಯಾರನ್ನಾದರೂ ಕರೆಸೋಣವೇ ಎಂದರೆ ಹೊರಗಿನವರ ಕೈ ಬ್ಯಾಡ ಅಂದಳು. ನಾನು ಹಾಕುತ್ತೇನೆ ಎಂದರೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಮಗ್ಗ ನಿಂತುಬಿಟ್ಟಿತು. ಅವ್ವ ಕುಣಿಯ ಅಂಚಿನಲ್ಲಿ ಕೂತು ಸೆರಗಿಲ್ಲದ ಆ ಹಸಿರು ಸೀರೆಯನ್ನು ನೋಡುತ್ತ, ಊಟಕ್ಕೂ ಬೇಗ ಏಳದೆ, ಇಡೀ ದಿನ ಕಳೆದಳು.

ಗೋಡೆಯ ಆಚೆ ಕೂತು ಚಿಗವ್ವ ಇದನ್ನೆಲ್ಲ ಕೇಳುತ್ತಿದ್ದಳು ಎಂದು ನನಗೆ ಹೊಳೆಯಬೇಕಿತ್ತು. ನೇಕಾರರ ಓಣಿಯಲ್ಲಿ ಮಗ್ಗದ ಸದ್ದು ಕೇಳಿದರೆ ಯಾರ ಸೀರೆ ಎಲ್ಲಿಗೆ ಬಂತು ಎಂದು ಹೇಳುತ್ತಾರೆ. ಮಗ್ಗ ನಿಂತರೆ ಕೊಂಡಿ. ಕೊಂಡಿಗೆ ಇಷ್ಟು ಹೊತ್ತು ಹಿಡಿಯುತ್ತದೆ ಎಂಬುದೂ ಗೊತ್ತು. ಆ ಹೊತ್ತು ಮೀರಿ ಎರಡನೆಯ ದಿನವೂ ಲಾಳಿ ಆಡಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನಡುಬಾಗಿಲಿನ ಆ ಕಡೆ ಠಣ್ ಎಂದು ಸದ್ದಾಯಿತು.

ಅವ್ವ ತಲೆ ಎತ್ತಿದಳು. "ಗಾಳಿ ಇರಬೇಕು" ಅಂದಳು.

"ಗಾಳಿ ಎಲ್ಲಿ ಐತಿಬೇ?"

"ಹಂಗಾರ ಬೆಕ್ಕು."

"ಬೆಕ್ಕಿಗೆ ಕೊಂಡಿ ತಗ್ಯಾಕ ಬರ್ತೈತೇನು?"

"ಅಕಿ ಸಾಕಿದ ಬೆಕ್ಕು, ಬಂದ್ರೂ ಬರಬಹುದು" ಅಂದವಳು ಮರುಕ್ಷಣ, "ನಿಂತ ಏನ ನೋಡ್ತಿ? ತಗಿ" ಎಂದು ಗದರಿದಳು.

ನಮ್ಮ ಕಡೆಯ ಕೊಂಡಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಕಲ್ಲಿನಿಂದ ಬಡಿಯಬೇಕಾಯಿತು. ಬಾಗಿಲು ತೆರೆದಾಗ ಆ ಕಡೆಯ ಕೊಂಡಿ ನೋಡಿದೆ. ಅದು ಎಣ್ಣೆ ಹಚ್ಚಿ ಮಿರಿಮಿರಿ ಮಿಂಚುತ್ತಿತ್ತು. ಒಂದೆರಡು ದಿನದ ಎಣ್ಣೆಯಲ್ಲ; ಸುತ್ತಲಿನ ಕಟ್ಟಿಗೆಯೆಲ್ಲ ಎಣ್ಣೆ ಕುಡಿದು ಕಪ್ಪಾಗಿತ್ತು. ನನಗೆ ಆಪಾ ನೆನಪಾದರು.

ಚಿಗವ್ವ ಚಷ್ಮಾ ಹಾಕಿಕೊಂಡೇ ಒಳಗೆ ಬಂದಳು. ಅವ್ವನನ್ನು ನೋಡಲಿಲ್ಲ. ನನಗೆ ಅಂದಳು: "ಮಗ್ಗ ನಿಂತೈತಿ. ಅಕಿ ಮೈಯಾಗ ಆರಾಮ ಐತೇನು ಕೇಳು."

ಅವ್ವ ಅವಳಿಂದ ಒಂದು ಮಾರು ದೂರದಲ್ಲಿದ್ದಳು. "ಮೈ ಆರಾಮ ಐತಿ, ಕಣ್ಣ ಕಾಣೂದಿಲ್ಲ ಅಂತ ಹೇಳು" ಅಂದಳು.

ನಾನು ಹೇಳಿದೆ. ಬಾಗಲಕೋಟೆಯಿಂದ ಹೇಳುತ್ತಿದ್ದುದನ್ನೇ ಇಲ್ಲಿ ನಿಂತು ಹೇಳಿದೆ, ಅಷ್ಟೇ ವ್ಯತ್ಯಾಸ. ಚಿಗವ್ವ ಸೀರೆಯನ್ನು ಒಮ್ಮೆ ನೋಡಿದಳು, ಯಾವ ಸೀರೆ, ಯಾಕೆ ಎಂದು ಕೇಳಲಿಲ್ಲ. ಓಣಿಗೆಲ್ಲ ಗೊತ್ತಿದ್ದ ವಿಷಯ. ಸೆರಗು ಬಾಯಿಗೆ ಒತ್ತಿಕೊಂಡು ಎಡಗಡೆಯ ದಡಿಯ ಹತ್ತಿರ ಹೋಗಿ ತನ್ನ ಹಳೇ ಜಾಗದಲ್ಲಿ ಕೂತಳು.

ಅವಳ ಬೆರಳು ಎಳೆಗಳ ಮೇಲೆ ಓಡತೊಡಗಿದವು. ಅವ್ವ ಬಲಗಡೆ ಕೂತು, ತಾನು ಹಾಕಿದ್ದನ್ನು ಜಾರದಂತೆ ಹಿಡಿದುಕೊಂಡಿದ್ದಳು. ಚಿಗವ್ವ ನಡುವಿನ ತನಕ ಬಂದಳು, ನಡು ದಾಟಿದಳು. ಅವ್ವ ಸುಮ್ಮನೆ ಕೈ ಚಾಚಿ ಚಿಗವ್ವನ ಕಡೆಯ ಕೊಂಡಿಗಳನ್ನು ತಡವಿ ನೋಡಿದಳು. ಅಲ್ಲಿಗೆ ಅವಳ ತಾಳ್ಮೆ ಮುಗಿಯಿತು.

"ನಿನ್ನ ಕಡಿ ಬಿಗಿ ಆಗಾಕತ್ತೈತಿ" ಅಂದಳು. ನನಗಲ್ಲ, ನೇರವಾಗಿ.

ಚಿಗವ್ವ ಕೈ ನಿಲ್ಲಿಸಿದಳು.

"ನಿನ್ನ ಕಡಿ ಸಡ್ಲ ಐತಿ. ಆವಾಗೂ ಸಡ್ಲ ಇತ್ತು" ಅಂದಳು ಚಿಗವ್ವ.

"ಆವಾಗೇನ ಸಡ್ಲ ಇರ್ಲಿಲ್ಲ."

"ಇತ್ತು."

"ಇರ್ಲಿಲ್ಲ ಅಂದ್ರ ಇರ್ಲಿಲ್ಲ!"

ನಾನು ಏನೋ ಹೇಳಲು ಹೋದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿ, "ನೀ ಹೋಗಿ ಚಾ ಮಾಡು" ಅಂದರು. ಇಷ್ಟು ವರ್ಷ ಮಾಡಿದ ನನ್ನ ಇನ್ನೊಂದು ನೌಕರಿ ಆ ಕ್ಷಣಕ್ಕೆ ಹೋಯಿತು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಕಣ್ಣೀರು ಹಾಕಿದೆ, ಸಂತೋಷಕ್ಕೇ ಹಾಕಿದೆ. ಚಾ ತಂದಾಗ ಬೇವೂರಿನ ಯಾರದೋ ಎಮ್ಮೆಯ ಮಾತು ನಡೆದಿತ್ತು. ಆ ಎಮ್ಮೆ ಸತ್ತು ಎಷ್ಟು ವರ್ಷವಾಗಿತ್ತೋ.

ಕಡೆಯ ಕುಣಿಕೆ ಹಾಕಿ ಚಿಗವ್ವ ಕೈ ಒರೆಸಿಕೊಂಡಳು. "ಮಂದಿ ಕೇಳಿದ್ರ ತವರಮನಿ ಸೀರಿ ಅಂತ ಹೇಳು" ಅಂದಳು.

"ನೇಯ್ದಾಕಿ ನಾ" ಅಂದಳು ಅವ್ವ.

"ಕೊಂಡಿ ಹಾಕಿದಾಕಿ ನಾ. ಕೊಂಡಿ ಇಲ್ದ ಸೆರಗ ಹೆಂಗ ಬರ್ತಿತ್ತು? ಹೇಳು ನೋಡೂಣು."

ಅವ್ವ ನಕ್ಕುಬಿಟ್ಟಳು. "ಆತ ಬಿಡು, ನಿಂದ" ಅಂದಳು. ಜೀವಮಾನದಲ್ಲಿ ಅವಳು ಸೋತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ಅದೂ ಅಷ್ಟು ಖುಷಿಯಿಂದ.

ಸೆರಗು ನೇಯ್ದು ಮುಗಿಸಿದ ಮೇಲೆ ಆ ಸೀರೆ ಟ್ರಂಕಿನಲ್ಲಿ ಇದ್ದದ್ದು ಕಡಿಮೆ. ಚಾ ಕುಡಿಯಲು ಬಂದವರಿಗೆಲ್ಲ ಅವ್ವ ಅದನ್ನು ಬಿಚ್ಚಿ ತೋರಿಸುತ್ತಿದ್ದಳು: "ನಮ್ಮ ತವರಮನಿದು. ಸತ್ತಾಗ ಉಟಗೋಳಾಕ." ಬಂದವರಿಗೆ ಚಾ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಇಬ್ಬರೂ ಕೂಡಿ ಬನಶಂಕರಿಗೆ ಹೋಗಿ ಬಂದರು. ಚೊಳಚಗುಡ್ಡದ ಬಸ್ ಸ್ಟ್ಯಾಂಡಿನಲ್ಲಿ ರೊಟ್ಟಿ ಬುತ್ತಿ ಬಿಚ್ಚಿ, ಚಟ್ನಿಗೆ ಉಪ್ಪು ಹೆಚ್ಚೋ ಕಡಿಮೆಯೋ ಎಂದು ಜಗಳವಾಡಿ, ಬಸ್ಸು ತಪ್ಪಿಸಿಕೊಂಡರಂತೆ. ನನಗೆ ಸಂಜೆಯ ಫೋನು ಬರುವುದು ನಿಂತಿತು. ಅತ್ತೆ, "ಸುಟಲೀಸ್ ಬಾಯಿ, ಬಿಡಸಗೊಂಡಿ" ಅಂದರು.

ಈ ಚಳಿಗಾಲದಲ್ಲಿ ಚಿಗವ್ವ ಹೋದಳು. ತಂಗಿಯಾದವಳು ಮೊದಲು ಹೋದಳು. ಮುಂಜಾನೆ ರೊಟ್ಟಿ ಬಡಿದು, ಉಂಡು, ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ನಾನು ಬಾಗಲಕೋಟೆಯಿಂದ ಮುಟ್ಟುವಷ್ಟರಲ್ಲಿ ಮಂದಿ ನೆರೆದಿದ್ದರು. ಸ್ನಾನ ಮಾಡಿಸಿ ಆಗಿತ್ತು. ಚಿಗವ್ವನ ಮಗ ನಡುಬಾಗಿಲಿನಲ್ಲಿ ನಿಂತು, "ದೊಡ್ಡವ್ವ, ಸೀರಿ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅವ್ವ ಆಗಲೇ ಟ್ರಂಕು ತೆಗೆದಿದ್ದಳು.

"ಯವ್ವಾ, ಅದು ನಿಂದಬೇ" ಎಂದೆ.

"ಅಕಿ ತವರಮನಿ ನಾ ಅಲ್ಲೇನು?" ಅಂದಳು.

ಯಾರ ಕೈಗೂ ಕೊಡದೆ ತಾನೇ ಉಡಿಸಿದಳು. ಹಸಿರು ಒಡಲು, ಕೆಂಪು ಸೆರಗು. ಸೆರಗು ಹೊದಿಸುವಾಗ ಕೊಂಡಿಯ ಸಾಲಿನ ಮೇಲೆ ಅವಳ ಬೆರಳು ನಿಂತವು. ಎಡದಿಂದ ಬಲಕ್ಕೆ ತಡವಿದಳು. "ನೋಡು, ಅಕಿ ಕಡಿ ಬಿಗಿನ ಐತಿ. ಹೇಳಿದೆ, ಕೇಳ್ಲಿಲ್ಲ" ಅಂದು ಸುಕ್ಕನ್ನು ಅಂಗೈಯಿಂದ ಸರಿ ಮಾಡಿದಳು. ಸರಿಯಾಗಲಿಲ್ಲ. ಆಗ ಅವಳು ದೊಡ್ಡ ದನಿ ತೆಗೆದು ಅತ್ತಳು.

ದಿನಕರ್ಮಗಳೆಲ್ಲ ಮುಗಿದು ನಾನು ಹೊರಡುವ ಮುಂಜಾನೆ, ಮಗ್ಗ ಹಾಗೇ ಇದೆಯಲ್ಲ, ಇನ್ನೊಂದು ಸೀರೆ ನೇಯಿಸೋಣ, ನೂಲು ನಾನು ತರುತ್ತೇನೆ ಎಂದು ಅವ್ವನಿಗೆ ಹೇಳಿದೆ. ಬೇಡವೆಂದು ತಲೆ ಅಲ್ಲಾಡಿಸಿದಳು. ಕುಣಿ ಮುಚ್ಚಲು ಅಣ್ಣನಿಗೆ ಹೇಳಿಬಿಟ್ಟಿದ್ದಳಂತೆ.

"ಮತ್ತ ನಿನಗ ತವರಮನಿ ಸೀರಿ?" ಎಂದೆ.

"ಯಾರ ತರಬೇಕವ್ವಾ?" ಅಂದಳು. "ತರೂವಾಕಿ ಉಟಗೊಂಡ ಹೋದ್ಲಲ್ಲ."

ಆಮೇಲೆ ಎಣ್ಣೆಯ ಬಟ್ಟಲು ತೆಗೆದುಕೊಂಡು ನಡುಬಾಗಿಲಿಗೆ ಹೋಗಿ, ಮೊದಲು ನಮ್ಮ ಕಡೆಯ ಕೊಂಡಿಗೆ, ಬಾಗಿಲು ದಾಟಿ ಆ ಕಡೆಯದಕ್ಕೆ ಎಣ್ಣೆ ಹಚ್ಚಿದಳು.